ಎಷ್ಟು ಬಿಸಿ, ಎಷ್ಟು ಹೊತ್ತು? ಕಸ ಕಾಯಿಸುವ ಲೆಕ್ಕದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ತೊಗರಿ ಕಟ್ಟಿಗೆಯಿಂದ ಇದ್ದಿಲು, ಪ್ಲಾಸ್ಟಿಕ್‌ನಿಂದ ಎಣ್ಣೆ, ಊರ ಕಸದಿಂದ ಸಿಮೆಂಟ್ ಭಟ್ಟಿಗೆ ಉರುವಲು. ಎಲ್ಲ ಕಡೆಯೂ ‘ಕಂಪ್ಯೂಟರ್ ಮಾಡೆಲ್ ಹೀಗೆ ಹೇಳುತ್ತದೆ’ ಎಂಬ ಮಾತು ಬಂದಿದೆ. ನಾನು ಬಹಳ ವರ್ಷ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಈಗ ಕಲಬುರಗಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟ್‌ಗಳಿಗೆ ನೆರವಾಗುತ್ತೇನೆ. ನನಗೆ ಗೊತ್ತಿರುವ ಮಟ್ಟಿಗೆ ಉತ್ತರಿಸುತ್ತೇನೆ.

ನಮ್ಮದು ಹನ್ನೆರಡು ಎಕರೆ ತೊಗರಿ. ರಾಶಿ ಆದ ಮೇಲೆ ಕಟ್ಟಿಗೆಯನ್ನು ಹೊಲದಲ್ಲೇ ಸುಡುತ್ತೇವೆ. ಇದ್ದಿಲು ಮಾಡುವ ಯಂತ್ರ ಮಾರುವವರೊಬ್ಬರು ಬಂದಿದ್ದರು. 100 ಕಿಲೋ ಕಟ್ಟಿಗೆಗೆ 35 ಕಿಲೋ ಇದ್ದಿಲು ಗ್ಯಾರಂಟಿ, ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ದೇವೆ ಎಂದು ಗ್ರಾಫ್ ತೋರಿಸಿದರು. ನಂಬಬಹುದೇ?
– ಆಳಂದ ತಾಲೂಕಿನ ರೈತರು

ಗ್ರಾಫ್ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅದು ಯಾವ ಕಟ್ಟಿಗೆಯ ಗ್ರಾಫ್ ಎಂದು ನೀವು ಕೇಳಲೇಬೇಕು.

ಗಾಳಿ ಬಿಡದೆ ಕಟ್ಟಿಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆಯುತ್ತದೆ. ಇದಕ್ಕೆ ಪೈರಾಲಿಸಿಸ್ ಅನ್ನುತ್ತಾರೆ. ಕಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಹೆಮಿಸೆಲ್ಯುಲೋಸ್, ಸೆಲ್ಯುಲೋಸ್ ಮತ್ತು ಲಿಗ್ನಿನ್. ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್ ನಡುವೆ ಒಡೆಯುತ್ತದೆ. ಸೆಲ್ಯುಲೋಸ್ 315ರಿಂದ 400ರೊಳಗೆ ಬೇಗ ಮುಗಿಸುತ್ತದೆ. ಲಿಗ್ನಿನ್‌ಗೆ ಅವಸರವಿಲ್ಲ. 160ಕ್ಕೇ ಶುರುವಾಗಿ 900ರವರೆಗೂ ಎಳೆಯುತ್ತದೆ. ಇದ್ದಿಲಿನ ದೊಡ್ಡ ಪಾಲು ಬರುವುದು ಲಿಗ್ನಿನ್‌ನಿಂದಲೇ.

ಎಷ್ಟು ಬಿಸಿಯಲ್ಲಿ ಎಷ್ಟು ವೇಗವಾಗಿ ಒಡೆಯುತ್ತದೆ ಎನ್ನುವುದಕ್ಕೆ 1889ರಲ್ಲಿ ಸ್ವೀಡನ್‌ನ ಸ್ವಾಂಟೆ ಅರ್ಹೇನಿಯಸ್ ಬಳಸಿದ ಸೂತ್ರವೇ ಇವತ್ತಿಗೂ ಆಧಾರ. ಕಂಪ್ಯೂಟರ್ ಮಾಡೆಲ್ ಒಳಗೆ ಕೂತಿರುವುದೂ ಅದೇ. ಬಿಸಿ ಸ್ವಲ್ಪ ಏರಿದರೆ ವೇಗ ಸ್ವಲ್ಪ ಏರುವುದಿಲ್ಲ, ಹಲವು ಪಟ್ಟು ಏರುತ್ತದೆ. ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಗೆ ಆಕ್ಟಿವೇಶನ್ ಎನರ್ಜಿ ಅನ್ನುತ್ತಾರೆ. ಅದು ಮೋಲ್‌ಗೆ 200 ಕಿಲೋಜೂಲ್ ಇರುವ ಕ್ರಿಯೆಯನ್ನು ತೆಗೆದುಕೊಳ್ಳಿ. 400 ಡಿಗ್ರಿಯಿಂದ 450ಕ್ಕೆ ಹೋದರೆ ಅದರ ವೇಗ ಸುಮಾರು 12 ಪಟ್ಟಾಗುತ್ತದೆ. ಬರೀ 50 ಡಿಗ್ರಿಗೆ ಹನ್ನೆರಡು ಪಟ್ಟು! ಆದ್ದರಿಂದ ಯಂತ್ರದ ಥರ್ಮಾಮೀಟರ್ ಎಲ್ಲಿ ಕೂರಿಸಿದ್ದಾರೆ ಎನ್ನುವುದು ಸಣ್ಣ ವಿಷಯವಲ್ಲ. ಗೋಡೆಯ ಬಿಸಿಯೇ ಬೇರೆ, ಒಳಗೆ ಕಟ್ಟಿಗೆಯ ಬಿಸಿಯೇ ಬೇರೆ.

ಇನ್ನೊಂದು ಮಾತು. ಒಡೆಯುವ ಸೆಲ್ಯುಲೋಸ್‌ಗೆ ಎರಡು ದಾರಿ ಇವೆ. ಒಂದು ದಾರಿಯಲ್ಲಿ ಅದು ಇದ್ದಿಲು, ನೀರು, ಅನಿಲ ಆಗುತ್ತದೆ. ಇನ್ನೊಂದರಲ್ಲಿ ಟಾರ್ (ಡಾಂಬರಿನಂಥ ಅಂಟು ಎಣ್ಣೆ) ಆವಿಯಾಗಿ ಹೊರಗೆ ಹೋಗುತ್ತದೆ. ಬ್ರಾಡ್ಬರಿ, ಸಕಾಯ್, ಶಫಿಜಾದೆ ಎಂಬ ಮೂವರು 1979ರಲ್ಲಿ ಕೊಟ್ಟ ಮಾಡೆಲ್‌ನ ತಿರುಳು ಇದು. ನಿಧಾನವಾಗಿ, ಕಡಿಮೆ ಬಿಸಿಯಲ್ಲಿ ಕಾಯಿಸಿದರೆ ಇದ್ದಿಲಿನ ದಾರಿ ಗೆಲ್ಲುತ್ತದೆ. ಸರ್ರನೆ ಕಾಯಿಸಿದರೆ ಟಾರ್ ಜಾಸ್ತಿ. ಅಂದರೆ ಒಂದೇ ಕಟ್ಟಿಗೆ, ಒಂದೇ ಕೊನೆಯ ಬಿಸಿ, ಆದರೂ ಇದ್ದಿಲು ಬೇರೆ ಬೇರೆ. ನಿಧಾನವಾಗಿ ಕಾಯಿಸಿದಾಗ ಒಣ ಕಟ್ಟಿಗೆಯ ತೂಕದಲ್ಲಿ ಶೇಕಡ 25ರಿಂದ 35 ಇದ್ದಿಲು ಸಿಗುವುದು ಸಾಮಾನ್ಯ. ನಿಮಗೆ ಹೇಳಿದ 35 ಅದರ ಮೇಲಿನ ತುದಿ. ಅದೂ ಒಣ ತೂಕಕ್ಕೆ.

‘ಒಣ’ ಅನ್ನುವುದನ್ನು ದಯವಿಟ್ಟು ಗಮನಿಸಿ. ಒಂದು ಕಿಲೋ ನೀರನ್ನು ಆವಿ ಮಾಡಿ ಹೊರಗೆ ಹಾಕಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಆ ಶಾಖಕ್ಕೆ ನಿಮ್ಮ ಕಟ್ಟಿಗೆಯನ್ನೇ ಉರಿಸಬೇಕು. ನಮ್ಮ ಬಿಸಿಲು ಈ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ. ಜನವರಿಯಲ್ಲಿ ರಾಶಿ ಮುಗಿದ ಕೂಡಲೇ ಯಂತ್ರಕ್ಕೆ ತುಂಬಬೇಡಿ. ಮಾರ್ಚ್‌ವರೆಗೆ ಹೊಲದ ಬದಿಗೆ ಒಟ್ಟಿಡಿ.

ದಪ್ಪದ ವಿಷಯ ಇನ್ನೂ ಮುಖ್ಯ. ಲ್ಯಾಬ್‌ನಲ್ಲಿ ಕಟ್ಟಿಗೆಯನ್ನು ಹಿಟ್ಟಿನಂತೆ ಪುಡಿ ಮಾಡಿ, ಕೆಲವೇ ಮಿಲಿಗ್ರಾಂ ಇಟ್ಟು ಅಳೆಯುತ್ತಾರೆ. ಆ ಪುಡಿಗೆ ಬಿಸಿ ತಟ್ಟನೆ ತಲುಪುತ್ತದೆ. ನಿಮ್ಮ ಹೊಲದ ಕಟ್ಟಿಗೆ ಬುಡದಲ್ಲಿ ಹೆಬ್ಬೆರಳಿಗಿಂತ ದಪ್ಪ. ದಪ್ಪ ರೊಟ್ಟಿ ಹೊರಗೆ ಕಪ್ಪಾದರೂ ಒಳಗೆ ಹಸಿ ಉಳಿಯುವ ಹಾಗೆ ಅದರ ನಡುಭಾಗಕ್ಕೆ ಬಿಸಿ ತಲುಪಲು ಹೊತ್ತು ಬೇಕು. ಅಲ್ಲಿ ವೇಗ ನಿರ್ಧರಿಸುವುದು ರಾಸಾಯನಿಕ ಕ್ರಿಯೆಯಲ್ಲ, ಶಾಖ ಒಳಗೆ ಹರಿಯುವ ವೇಗ. ಪುಡಿಯ ಅಂಕಿ ಹಾಕಿ ದಪ್ಪ ಕಟ್ಟಿಗೆಯ ಲೆಕ್ಕ ಕೊಟ್ಟರೆ ಸಮಯ ತೀರಾ ಕಡಿಮೆ ಬರುತ್ತದೆ. ಯಂತ್ರ ಕೊಂಡ ಮೇಲೆ ಅರ್ಧ ಸುಟ್ಟ ಕಟ್ಟಿಗೆ ಹೊರಗೆ ಬಂದರೆ ಕಾರಣ ಹೆಚ್ಚಾಗಿ ಇದೇ ಇರುತ್ತದೆ.

ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕೂಡ ಸುಮ್ನೆ ಕೂರುವುದಿಲ್ಲ. ಅದು ಕ್ರಿಯೆಯನ್ನು ಕಡಿಮೆ ಬಿಸಿಯಲ್ಲೇ ಶುರು ಮಾಡಿಸಿ ಇದ್ದಿಲಿನ ಪಾಲು ಹೆಚ್ಚಿಸುತ್ತದೆ. ಬೇರೆ ದೇಶದ ಪೈನ್ ಮರದ ಅಂಕಿಯಲ್ಲಿ ನಮ್ಮ ತೊಗರಿಯ ಬೂದಿ ಸೇರಿರುವುದಿಲ್ಲ, ಕಪ್ಪು ಮಣ್ಣಿನ ಧೂಳೂ ಸೇರಿರುವುದಿಲ್ಲ.

ಮಾರುವವರನ್ನು ಹೀಗೆ ಕೇಳಿ: ಅಂಕಿ ಯಾವ ಬೆಳೆಯ ಕಟ್ಟಿಗೆಯದು, ಎಷ್ಟು ದಪ್ಪ, ಎಷ್ಟು ತೇವ, ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸಿದ್ದು? ಉತ್ತರ ಕೊಟ್ಟರೆ ನಿಮ್ಮದೇ ಎರಡು ಕ್ವಿಂಟಲ್ ಕಟ್ಟಿಗೆ ಒಯ್ದು, ನಿಮ್ಮ ಕಣ್ಣೆದುರು ತೂಕ ಮಾಡಿಸಿ, ಓಡಿಸಿ ತೋರಿಸಲು ಹೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಅನಿಲದಿಂದ ಊರಿಗೆ ಕರೆಂಟ್ ಕೊಟ್ಟರು. ಅಲ್ಲೂ ಕಟ್ಟಿಗೆಯನ್ನು ತುಂಡು ಮಾಡಿ ಒಣಗಿಸಿಯೇ ಹಾಕಬೇಕಿತ್ತು. ನಿಮ್ಮ ಕೆಲಸ ಆಗುವಂಥದ್ದೇ. ಹೊಲದಲ್ಲಿ ಸುಮ್ಮನೆ ಬೆಂಕಿ ಇಡುವುದಕ್ಕಿಂತ ಸಾವಿರ ಪಾಲು ಮೇಲು. ಅದಕ್ಕೇ ಎರವಲು ಅಂಕಿ ನಂಬಿ ಕೈ ಸುಟ್ಟುಕೊಳ್ಳಬೇಡಿ ಅನ್ನುತ್ತಿದ್ದೇನೆ.

ಎಂ.ಟೆಕ್ ಪ್ರಾಜೆಕ್ಟ್‌ಗೆ ಹತ್ತಿ ಕಟ್ಟಿಗೆಯ ಟಿಜಿಎ ಮಾಡಿಸಿದ್ದೇನೆ. ನಿಮಿಷಕ್ಕೆ 10 ಡಿಗ್ರಿ ವೇಗದ ಒಂದೇ ಓಟ. ಒಂದು ವಿಧಾನದಲ್ಲಿ ಆಕ್ಟಿವೇಶನ್ ಎನರ್ಜಿ 180 ಬರುತ್ತದೆ, ಇನ್ನೊಂದರಲ್ಲಿ 220. ಎರಡಕ್ಕೂ ಗೆರೆ ಚೆನ್ನಾಗಿ ಕೂರುತ್ತದೆ, ಆರ್ ಸ್ಕ್ವೇರ್ 0.99 (1 ಬಂದರೆ ಗೆರೆ ಪೂರ್ತಿ ಕೂತಂತೆ). ಯಾವುದನ್ನು ಬರೆಯಲಿ?
– ಬೀದರ್‌ನ ವಿದ್ಯಾರ್ಥಿನಿ

ಎರಡನ್ನೂ ಬರೆಯಬೇಡಮ್ಮ. ಮೊದಲು ಇನ್ನೂ ಮೂರು ಓಟ ಮಾಡಿಸು.

ಟಿಜಿಎ ಯಂತ್ರ ಮಾಡುವುದು ಇಷ್ಟೇ. ಪುಡಿಯನ್ನು ಸೂಕ್ಷ್ಮ ತಕ್ಕಡಿಯಲ್ಲಿಟ್ಟು ಒಂದೇ ವೇಗದಲ್ಲಿ ಕಾಯಿಸುತ್ತ, ತೂಕ ಇಳಿಯುವುದನ್ನು ಬರೆದುಕೊಳ್ಳುತ್ತದೆ. ಆ ಒಂದು ಗೆರೆಯಿಂದ ನೀನು ಎರಡು ಅಂಕಿ ತೆಗೆಯಲು ಹೊರಟಿದ್ದೀಯ. ಆಕ್ಟಿವೇಶನ್ ಎನರ್ಜಿ ಒಂದು, ಅದರ ಮುಂದೆ ಗುಣಿಸುವ ‘ಎ’ ಇನ್ನೊಂದು. ತೊಂದರೆ ಏನೆಂದರೆ ಇವೆರಡೂ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಡುತ್ತವೆ. ಎನರ್ಜಿ ಹೆಚ್ಚು ಹಾಕಿದರೆ ‘ಎ’ ಕೂಡ ಹೆಚ್ಚಾಗಿ ಗೆರೆ ಮತ್ತೆ ಸರಿ ಕೂರುತ್ತದೆ. ಇದಕ್ಕೆ ಕಾಂಪನ್ಸೇಶನ್ ಎಫೆಕ್ಟ್ ಅನ್ನುತ್ತಾರೆ. ಕ್ರಿಯೆಯ ಮಾದರಿ ಬದಲಿಸಿದರೂ, ಅಂದರೆ ಉಳಿದ ಪದಾರ್ಥಕ್ಕೆ ತಕ್ಕಷ್ಟು ವೇಗ ಎನ್ನುವ ಫಸ್ಟ್ ಆರ್ಡರ್ ಬದಲು, ಪದಾರ್ಥ ಹರಿದು ಹೋಗುವ ವೇಗವೇ ಮಿತಿ ಎನ್ನುವ ಡಿಫ್ಯೂಶನ್ ಹಾಕಿದರೂ, ಇದೇ ಕಥೆ. ಹಾಗಾಗಿ 0.99 ನಿನಗೆ ಏನನ್ನೂ ಹೇಳುತ್ತಿಲ್ಲ.

‘ಎರಡೂ ಕೂರುತ್ತವೆ, ಯಾವುದಾದರೇನು’ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಎರಡೂ ಮಾಡೆಲ್ 350 ಡಿಗ್ರಿಯಲ್ಲಿ ಒಂದೇ ವೇಗ ಕೊಡುತ್ತವೆ ಅಂದುಕೊ. 500 ಡಿಗ್ರಿಗೆ ಹೋದರೆ 220ರ ಮಾಡೆಲ್ ಹೇಳುವ ವೇಗ 180ರ ಮಾಡೆಲ್‌ಗಿಂತ ಸುಮಾರು ನಾಲ್ಕೂವರೆ ಪಟ್ಟು ಜಾಸ್ತಿ. ಲ್ಯಾಬ್‌ನ ಬಿಸಿಯಲ್ಲಿ ಕಾಣದ ತಪ್ಪು ರಿಯಾಕ್ಟರ್‌ನ ಬಿಸಿಯಲ್ಲಿ ಬಾಯಿ ಬಿಡುತ್ತದೆ. ನಿನ್ನ ಅಂಕಿ ನೋಡಿ ಯಾರೋ ರಿಯಾಕ್ಟರ್‌ನ ಉದ್ದ ತೀರ್ಮಾನಿಸಿದರೆ? ನಾಲ್ಕು ಮೀಟರ್ ಬೇಕಾದಲ್ಲಿ ಒಂದು ಮೀಟರ್ ಕಟ್ಟಿಬಿಡುತ್ತಾರೆ.

ನಿಮಿಷಕ್ಕೆ 5, 10, 20, 40 ಡಿಗ್ರಿ ಹೀಗೆ ಹಲವು ವೇಗದಲ್ಲಿ ಕಾಯಿಸಿದಾಗ ಒಡೆಯುವ ಶಿಖರ, ಅಂದರೆ ತೂಕ ಅತಿ ಬೇಗ ಇಳಿಯುವ ಬಿಂದು, ಮೇಲಿನ ಬಿಸಿಗೆ ಸರಿಯುತ್ತ ಹೋಗುತ್ತದೆ. 200 ಕಿಲೋಜೂಲ್ ಆಸುಪಾಸಿನ ಕ್ರಿಯೆಯಲ್ಲಿ ಕಾಯಿಸುವ ವೇಗ ಹತ್ತು ಪಟ್ಟಾದರೆ ಶಿಖರ ಸುಮಾರು 40 ಡಿಗ್ರಿ ಸರಿಯುತ್ತದೆ. ಎನರ್ಜಿಯ ನಿಜವಾದ ಸುಳಿವು ಈ ಸರಿಯುವಿಕೆಯಲ್ಲಿದೆ. ಕಿಸಿಂಜರ್ 1957ರಲ್ಲಿ ತೋರಿಸಿದ ವಿಧಾನ ಇದನ್ನೇ ಬಳಸುತ್ತದೆ. ಈಗ ಐಸೋಕನ್ವರ್ಶನಲ್ ವಿಧಾನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೇಕಡ 10 ಒಡೆದಾಗ ಎಷ್ಟು, 50 ಒಡೆದಾಗ ಎಷ್ಟು ಎಂದು ಬೇರೆ ಬೇರೆ ಕೊಡುತ್ತವೆ. ಹತ್ತಿ ಕಟ್ಟಿಗೆಯಲ್ಲಿ ಆ ಅಂಕಿ ಒಂದೇ ಸಮ ಇರುವುದಿಲ್ಲ. ಇರಬಾರದು ಕೂಡ, ಯಾಕೆಂದರೆ ಒಳಗೆ ಮೂರು ಪದಾರ್ಥ ಒಟ್ಟಿಗೆ ಒಡೆಯುತ್ತಿವೆ. ಉಷ್ಣ ವಿಶ್ಲೇಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಕೊಟ್ಟ ಶಿಫಾರಸಿನಲ್ಲೂ ಒಂದೇ ವೇಗದ ಓಟ ನಂಬಬೇಡಿ ಎಂದಿದೆ.

ಪುಡಿ ಕಡಿಮೆ ಇಡು, 5 ಮಿಲಿಗ್ರಾಂ ಸಾಕು. ಜಾಸ್ತಿ ಇಟ್ಟರೆ 40 ಡಿಗ್ರಿ ವೇಗದಲ್ಲಿ ಪುಡಿಯ ಬಿಸಿ ಯಂತ್ರ ತೋರಿಸುವುದಕ್ಕಿಂತ ಹಿಂದೆ ಉಳಿಯುತ್ತದೆ. ‘ಎ’ ಅನ್ನು ನಿಮಿಷದಲ್ಲಿ ಲೆಕ್ಕ ಹಾಕಿ ಸೆಕೆಂಡಿನ ಮಾಡೆಲ್‌ಗೆ ಕೊಟ್ಟರೆ 60 ಪಟ್ಟು ತಪ್ಪು. ಬಿಸಿಯನ್ನು ಕೆಲ್ವಿನ್‌ಗೆ ಬದಲಿಸಲು ಮರೆತ ಪ್ರಾಜೆಕ್ಟ್‌ಗಳೂ ನನ್ನ ಮೇಜಿಗೆ ಬರುತ್ತವೆ. ನಾಲ್ಕರಲ್ಲಿ ಮೂರು ಓಟದಿಂದ ಅಂಕಿ ತೆಗೆದು ನಾಲ್ಕನೆಯದನ್ನು ಮುಟ್ಟದೆ ಇಡು. ಆಮೇಲೆ ಮಾಡೆಲ್ ಆ ನಾಲ್ಕನೆಯ ಗೆರೆಯನ್ನು ತಾನಾಗಿ ಬರೆಯುತ್ತದಾ ನೋಡು. ಬರೆದರೆ ಧೈರ್ಯವಾಗಿ ನಿಂತು ಉತ್ತರ ಕೊಡಬಹುದು. ಓಟಕ್ಕೆ ದುಡ್ಡು ಹೆಚ್ಚಾಗುತ್ತದೆ, ಗೊತ್ತು. ಎರಡು ಸ್ಯಾಂಪಲ್ ಮಾಡಿಸುವ ಯೋಚನೆ ಇದ್ದರೆ ಒಂದನ್ನು ಬಿಡು, ಒಂದನ್ನೇ ಸರಿಯಾಗಿ ಮಾಡು.

ನಮ್ಮ ಗ್ರಾಮ ಪಂಚಾಯಿತಿಗೆ ಪ್ಲಾಸ್ಟಿಕ್‌ನಿಂದ ಡೀಸೆಲ್ ಮಾಡುವ ಯಂತ್ರದ ಪ್ರಸ್ತಾವ ಬಂದಿದೆ. ಯಾವ ಪ್ಲಾಸ್ಟಿಕ್ ಹಾಕಿದರೂ ನಡೆಯುತ್ತದಂತೆ. ಹೌದೇ?
– ಶಹಾಪುರ ತಾಲೂಕಿನ ಪಂಚಾಯಿತಿ ಸದಸ್ಯರು

ಇಲ್ಲ. ಯಾವ ಪ್ಲಾಸ್ಟಿಕ್ ಹಾಕಿದರೂ ನಡೆಯುವುದಿಲ್ಲ.

ಹಾಲಿನ ಪಾಕೀಟು, ಕ್ಯಾರಿಬ್ಯಾಗ್ ಪಾಲಿಥೀನ್. ಅದು 400ರಿಂದ 500 ಡಿಗ್ರಿ ನಡುವೆ ಒಡೆದು ಮೇಣ, ಎಣ್ಣೆ, ಅನಿಲ ಕೊಡುತ್ತದೆ. ಬರುವುದು ಡೀಸೆಲ್ ಅಲ್ಲ, ಪೆಟ್ರೋಲ್‌ನಷ್ಟು ಹಗುರದಿಂದ ಮೇಣದಷ್ಟು ಭಾರದವರೆಗಿನ ಮಿಶ್ರಣ. ಅದನ್ನು ಬೇರ್ಪಡಿಸಿ ಶುದ್ಧ ಮಾಡಿದ ಮೇಲೇ ಎಂಜಿನ್ ಮಾತು. ಪಿವಿಸಿ ಪೈಪಿನ ತುಂಡು, ರೆಗ್ಜಿನ್, ವೈರಿನ ಹೊದಿಕೆ ಒಳಗೆ ಬಿದ್ದರೆ ಕಥೆ ಬೇರೆ. ಪಿವಿಸಿ 250ರಿಂದ 350 ಡಿಗ್ರಿಯಲ್ಲೇ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಶುದ್ಧ ಪಿವಿಸಿಯ ತೂಕದಲ್ಲಿ ಅದರ ಪಾಲು ಶೇಕಡ 58. ನೀರು ತಾಗಿದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಯಂತ್ರದ ಕಬ್ಬಿಣ ತಿನ್ನುತ್ತದೆ, ಅಲ್ಲಿ ಕೆಲಸ ಮಾಡುವವರ ಎದೆಗೂ ಹೋಗುತ್ತದೆ. ನೀರಿನ ಬಾಟಲಿಯ ಪಿಇಟಿ ಹಾಕಿದರೆ ಎಣ್ಣೆಯ ಬದಲು ಟೆರೆಫ್ಥಾಲಿಕ್ ಆಸಿಡ್ ಪುಡಿ ತಣ್ಣನೆಯ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಪೈಪ್ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ. ಇದು ಪ್ರಾಣದ ವಿಷಯ.

ಶುದ್ಧ ಪಾಲಿಥೀನ್‌ನ ಮಾಡೆಲ್‌ನಲ್ಲಿ ಇದು ಯಾವುದೂ ಕಾಣುವುದಿಲ್ಲ. ಆ ಅಂಕಿಯೂ ನಿಜ, ನಿಮ್ಮ ಕಸವೂ ನಿಜ, ಎರಡಕ್ಕೂ ಸಂಬಂಧ ಮಾತ್ರ ಇಲ್ಲ. ಮೊದಲು ನಿಮ್ಮ ಊರಿನ ಒಂದು ವಾರದ ಪ್ಲಾಸ್ಟಿಕ್ ಬೇರ್ಪಡಿಸಿ ತೂಗಿ. ಬೇರ್ಪಡಿಸುವ ಜನ, ಜಾಗ ಇಲ್ಲ ಎಂದಾದರೆ ಪ್ರಸ್ತಾವಕ್ಕೆ ಸಹಿ ಹಾಕಬೇಡಿ.

ವಾಡಿ, ಶಹಾಬಾದ್ ಕಡೆ ಸಿಮೆಂಟ್ ಭಟ್ಟಿಗಳಲ್ಲಿ ಊರ ಕಸ ಸುಟ್ಟರೆ ಒಳ್ಳೆಯದು ಅನ್ನುತ್ತಾರೆ. ನಮಗೆ ಹೊಗೆಯ ಭಯ. ನಿಮ್ಮ ಅಭಿಪ್ರಾಯ?
– ಚಿತ್ತಾಪುರದ ಗೃಹಿಣಿ

ನಿಮ್ಮ ಭಯಕ್ಕೆ ಅರ್ಥವಿದೆ. ಆದರೂ ಸರಿಯಾಗಿ ಮಾಡಿದರೆ ಬಯಲಲ್ಲಿ ಕಸ ಹೊತ್ತಿಸುವುದಕ್ಕಿಂತ ಸಿಮೆಂಟ್ ಭಟ್ಟಿ ಬಹಳ ಮೇಲು ಎಂದೇ ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ.

ವಿಷ ಅನಿಲಗಳು ಪೂರ್ತಿ ಒಡೆಯಲು ಬಿಸಿ ಮತ್ತು ಸಮಯ ಎರಡೂ ಬೇಕು. ಕಸ ಸುಡುವ ಘಟಕಗಳಲ್ಲಿ ಅನಿಲ ಕನಿಷ್ಠ 850 ಡಿಗ್ರಿಯಲ್ಲಿ 2 ಸೆಕೆಂಡ್ ಇರಬೇಕು ಎಂಬುದು ಯುರೋಪಿನ ನಿಯಮ. 100 ಡಿಗ್ರಿ ಕಡಿಮೆಯಾದರೆ ಏನು ಮಹಾ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಆಕ್ಟಿವೇಶನ್ ಎನರ್ಜಿ 250 ಕಿಲೋಜೂಲ್ ಇರುವ ಒಂದು ಪದಾರ್ಥ 850 ಡಿಗ್ರಿಯಲ್ಲಿ 2 ಸೆಕೆಂಡಿಗೆ ಶೇಕಡ 99.99 ಒಡೆಯುತ್ತದೆ ಎಂದುಕೊಳ್ಳಿ. ಅದೇ 2 ಸೆಕೆಂಡ್ 750 ಡಿಗ್ರಿಯಲ್ಲಿ ಇಟ್ಟರೆ ಅರ್ಧದಷ್ಟು ಒಡೆಯದೆ ಹಾಗೇ ಉಳಿಯುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ಉಳಿಯಬೇಕಾದಲ್ಲಿ ಅರ್ಧ! ಬಯಲ ಬೆಂಕಿಯಿಂದ ಹೊಗೆ ಎದ್ದ ಕೂಡಲೇ ತಣ್ಣಗಾಗುತ್ತದೆ. ಅದಕ್ಕೇ ಅದು ಅಷ್ಟು ಕೆಟ್ಟದ್ದು.

ಸಿಮೆಂಟ್ ಭಟ್ಟಿಯಲ್ಲಿ ಕಲ್ಲೇ 1450 ಡಿಗ್ರಿಗೆ ಬರಬೇಕು, ಜ್ವಾಲೆ ಸುಮಾರು 2000 ಡಿಗ್ರಿ. ಅನಿಲ ಅಲ್ಲಿ 2 ಸೆಕೆಂಡಿಗಿಂತ ಹೆಚ್ಚು ಇರುತ್ತದೆ. ಜೊತೆಗೆ ಒಳಗೆಲ್ಲ ಸುಣ್ಣ, ಅದು ಆಸಿಡ್ ಅನಿಲ ಹಿಡಿದುಕೊಳ್ಳುತ್ತದೆ. ನಮ್ಮ ಸುಣ್ಣದ ಕಲ್ಲು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. 2016ರ ಘನತ್ಯಾಜ್ಯ ನಿಯಮಗಳು ಕಸದ ಉರುವಲು ತಯಾರಿಸುವ ಘಟಕದಿಂದ 100 ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ಕನಿಷ್ಠ ಶೇಕಡ 5ರಷ್ಟು ಉರುವಲು ಅದರಿಂದ ತೆಗೆದುಕೊಳ್ಳಬೇಕು ಎಂದವು.

ಆದರೆ ಎಲ್ಲಿ ಹಾಕುತ್ತಾರೆ ಎನ್ನುವುದನ್ನು ಕೇಳಿ. ಮುಖ್ಯ ಜ್ವಾಲೆಯಲ್ಲಿ ಹಾಕುವುದೇ ಬೇರೆ, ಭಟ್ಟಿಗೆ ಮೊದಲು ಕಲ್ಲು ಕಾಯಿಸುವ 850–900 ಡಿಗ್ರಿಯ ಕ್ಯಾಲ್ಸಿನರ್‌ನಲ್ಲಿ ಹಾಕುವುದೇ ಬೇರೆ. ಅಲ್ಲಿ ದೊಡ್ಡ ತುಂಡುಗಳು ಉರಿದು ಮುಗಿಯುವ ಮೊದಲೇ ಕೆಳಗೆ ಬೀಳುತ್ತವೆ. ತುಂಡಿನ ಗಾತ್ರ ಎರಡು ಪಟ್ಟಾದರೆ ಉರಿಯುವ ಸಮಯ ಸುಮಾರು ನಾಲ್ಕು ಪಟ್ಟು. ಹೊರಗೆ ಹೋಗುವ ಅನಿಲ 450ರಿಂದ 200 ಡಿಗ್ರಿಗೆ ಇಳಿಯುವ ಭಾಗದಲ್ಲಿ ಡಯಾಕ್ಸಿನ್ ಎಂಬ ಕಡು ವಿಷ ಮತ್ತೆ ಹುಟ್ಟಬಹುದು, ಅಲ್ಲಿ ಬೇಗ ತಣಿಸಬೇಕು. ಪಾದರಸವನ್ನು ಯಾವ ಬಿಸಿಯೂ ನಾಶ ಮಾಡುವುದಿಲ್ಲ. ಬ್ಯಾಟರಿ, ಟ್ಯೂಬ್‌ಲೈಟ್ ಕಸದಲ್ಲಿ ಬಾರದಂತೆ ಮೊದಲೇ ತೆಗೆಯಬೇಕು. ಡಯಾಕ್ಸಿನ್‌ಗೆ ಕಸ ಸುಡುವ ಘಟಕಗಳಲ್ಲಿ ನಮ್ಮ ನಿಯಮದ ಮಿತಿ ಒಂದು ಘನ ಮೀಟರ್ ಅನಿಲಕ್ಕೆ 0.1 ನ್ಯಾನೋಗ್ರಾಂ. ಅಳತೆಯ ವರದಿ ಕೇಳುವುದು ನಿಮ್ಮ ಹಕ್ಕು. ಮಾಡೆಲ್ ತೋರಿಸಿದರೆ ಸಾಲದು, ಚಿಮಣಿಯಲ್ಲಿ ಅಳೆದದ್ದನ್ನು ತೋರಿಸಬೇಕು.

ಇಂಥ ಮಾಡೆಲ್ ಕಲಿಯಲು ದುಬಾರಿ ಸಾಫ್ಟ್‌ವೇರ್ ಬೇಕಾ? ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಇದೆ.
– ಹುಮನಾಬಾದ್‌ನ ಬಿ.ಇ. ವಿದ್ಯಾರ್ಥಿ

ಬೇಡ. ಪೈಥಾನ್ ಹಾಕಿಕೋ, ಅದರೊಳಗೆ ರಾಸಾಯನಿಕ ಕ್ರಿಯೆಗಳ ಲೆಕ್ಕ ಮಾಡುವ ಕ್ಯಾಂಟೆರಾ ಹಾಕಿಕೋ. ಎರಡೂ ಪುಕ್ಕಟೆ. ಹಳೆಯ ಲ್ಯಾಪ್‌ಟಾಪ್ ಸಾಕು. ಅದರ ಜೊತೆ ಬರುವ ಜಿಆರ್‌ಐ-ಮೆಕ್ 3.0 ಎಂಬ ಪಟ್ಟಿಯಲ್ಲಿ 53 ಪದಾರ್ಥ, 325 ಕ್ರಿಯೆ ಇವೆ. ಅದು ನೈಸರ್ಗಿಕ ಅನಿಲ ಉರಿಯುವುದಕ್ಕೆ ಮಾಡಿದ್ದು. ಟಾರ್ ಅದರಲ್ಲಿ ಇಲ್ಲ, ಕಟ್ಟಿಗೆಗೆ ಹಾಗೇ ಬಳಸಬೇಡ. ಕಟ್ಟಿಗೆಗೆ ಮಿಲಾನ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ರಾಂಜಿ ಅವರ ತಂಡ ಮಾಡಿದ ಕ್ರಿಯೆಗಳ ಪಟ್ಟಿ ಇದೆ, ಅದನ್ನು ಓದು.

ಸಮೀಕರಣ ಬಿಡಿಸುವಾಗ ಸಮಯವನ್ನು ಸಣ್ಣ ಹೆಜ್ಜೆಗಳಾಗಿ ಮಾಡಿ ಮುಂದೆ ಹೋಗುವ ಸಾದಾ ಆಯ್ಲರ್ ವಿಧಾನ ಕೈ ಕೊಡುತ್ತದೆ. ಜ್ವಾಲೆಯೊಳಗಿನ ಚುರುಕು ಅಣು ತುಣುಕುಗಳಾದ ರ‍್ಯಾಡಿಕಲ್‌ಗಳು ಮೈಕ್ರೋಸೆಕೆಂಡಿನಲ್ಲಿ ಮುಗಿಸುತ್ತವೆ, ಇದ್ದಿಲು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗಲು ನಿಮಿಷಗಳು ಬೇಕು. ಎರಡನ್ನೂ ಒಟ್ಟಿಗೆ ಬಿಡಿಸುವಾಗ ಹೆಜ್ಜೆ ಮೈಕ್ರೋಸೆಕೆಂಡಿನಷ್ಟು ಚಿಕ್ಕದಾಗಿ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಓಡುತ್ತದೆ. ಇದಕ್ಕೆ ಸ್ಟಿಫ್ ಸಮಸ್ಯೆ ಅನ್ನುತ್ತಾರೆ. ಪೈಥಾನ್‌ನಲ್ಲಿ ಬಿಡಿಎಫ್ ಎಂಬ ಆಯ್ಕೆ ಇದೆ, ಅದನ್ನು ತೆಗೆದುಕೋ.

ಮೊದಲ ವ್ಯಾಯಾಮ ಹೇಳುತ್ತೇನೆ. ಒಂದು ಸಣ್ಣ ಗ್ಯಾಸಿಫೈಯರ್ (ಕಟ್ಟಿಗೆಯನ್ನು ಅನಿಲ ಮಾಡುವ ಒಲೆ) ಅನಿಲವನ್ನು 750 ಡಿಗ್ರಿಯಲ್ಲಿ ಸಮತೋಲನ ಲೆಕ್ಕಕ್ಕೆ ಹಾಕು, ಅಂದರೆ ಎಷ್ಟು ಬೇಕಾದರೂ ಸಮಯ ಕೊಟ್ಟರೆ ಏನಾಗುತ್ತದೆ ನೋಡು. ಮೀಥೇನ್ ತೀರಾ ಕಡಿಮೆ ಬರುತ್ತದೆ, ಟಾರ್ ಇಲ್ಲವೇ ಇಲ್ಲ ಅನ್ನಿಸುತ್ತದೆ. ಆಮೇಲೆ ಅದೇ ಅನಿಲಕ್ಕೆ ಎರಡು ಸೆಕೆಂಡ್ ಮಾತ್ರ ಕೊಟ್ಟು ಕೈನೆಟಿಕ್ ಲೆಕ್ಕ, ಅಂದರೆ ಕ್ರಿಯೆಯ ವೇಗದ ಲೆಕ್ಕ, ಮಾಡು. ಎರಡರ ನಡುವಿನ ಅಂತರವನ್ನು ಒಂದು ಗ್ರಾಫ್‌ನಲ್ಲಿ ಬರೆದು, ಒಳಗೆ ಹೋದ ಕಾರ್ಬನ್ ಎಲ್ಲ ಹೊರಗೆ ಬಂದಿದೆಯಾ ಎಂದು ಕೂಡಿಸಿ ನೋಡು. ಸಿಕ್ಕಿಹಾಕಿಕೊಂಡರೆ ಪತ್ರಿಕೆಯ ವಿಳಾಸಕ್ಕೆ ಕೋಡ್ ಕಳಿಸು, ಸಾಲು ಸಾಲು ಓದಿ ಉತ್ತರ ಬರೆಯುತ್ತೇನೆ.